ಮಣಿಕಟ್ಟಿನ ಬಾಗಿಲು, ಕೊರಳಿನ ನಾಳ

ರೋಗಿಯ ಕೈ ಹಿಡಿದು ನಾಡಿ ನೋಡುವುದು ನಮ್ಮ ದೇಶದ ವೈದ್ಯರ ಹಳೆಯ ಪದ್ಧತಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಅಂಚಿಗೆ ಮೂರು ಬೆರಳುಗಳನ್ನಿಟ್ಟರೆ ಚರ್ಮದ ಕೆಳಗೆ ಏನೋ ಮಿಡಿಯುತ್ತಿರುವುದು ತಿಳಿಯುತ್ತದೆ. ಶಾರ್ಙ್ಗಧರ ಸಂಹಿತೆಯಂಥ ವೈದ್ಯಗ್ರಂಥಗಳು ಈ ನಾಡೀಪರೀಕ್ಷೆಯನ್ನು ವಿವರಿಸಿವೆ. ಹೃದಯದಿಂದ ಹೊರಟ ರಕ್ತದ ಅಲೆಯೇ ಆ ಮಿಡಿತ. ಅದು ಹರಿಯುವ ನಾಳಕ್ಕೆ ರೇಡಿಯಲ್ ಧಮನಿ ಎಂದು ಹೆಸರು. ಶತಮಾನಗಳ ಕಾಲ ವೈದ್ಯರು ಹೊರಗಿನಿಂದ ಮುಟ್ಟಿ ನೋಡುತ್ತಿದ್ದ ಈ ನಾಳವೇ ಇಂದು ದೇಹದ ಒಳಕ್ಕೆ ಹೋಗುವ ಬಾಗಿಲಾಗಿದೆ. ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿ, ತೆಳುವಾದ ಕೊಳವೆಯನ್ನು ಹಾಯಿಸಿ, ಕೊರಳಿನಲ್ಲಿ ಇಕ್ಕಟ್ಟಾದ ರಕ್ತನಾಳವನ್ನು ಅಗಲಿಸುವ ಚಿಕಿತ್ಸೆ ಈಗ ಬಳಕೆಗೆ ಬಂದಿದೆ.

ಎಲ್ಲಿಯ ಮಣಿಕಟ್ಟು, ಎಲ್ಲಿಯ ಕೊರಳು! ಇದನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಯುವ ಅಗತ್ಯವೇನೆಂದು ಕೆಲವರು ಕೇಳಬಹುದು. ಗಡಿನಾಡಿನ ನಮ್ಮ ಮನೆಗಳ ಒಂದು ಸಂಗತಿ ಎಲ್ಲರಿಗೂ ತಿಳಿದದ್ದೇ. ಅಜ್ಜನನ್ನೋ ಅಜ್ಜಿಯನ್ನೋ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಕೈಗೆ ಬರುವ ಒಪ್ಪಿಗೆಯ ಕಾಗದ ಹೆಚ್ಚಾಗಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. "ಓದಿ ಹೇಳು ಮಗೂ, ಇದರಲ್ಲಿ ಏನಿದೆ?" ಎಂಬ ಮಾತು ಹೈಸ್ಕೂಲಿಗೆ ಹೋಗುವ ಹುಡುಗನಿಗೋ ಹುಡುಗಿಗೋ ಬರುತ್ತದೆ. ಅಕ್ಷರ ಓದಲು ಬಂದರೆ ಸಾಲದು, ಅರ್ಥವೂ ತಿಳಿದಿರಬೇಕಷ್ಟೆ. ಕನ್ನಡದಲ್ಲಿ ವಿಜ್ಞಾನ ಕಲಿತವರು ಕನ್ನಡದಲ್ಲೇ ಮನೆಯವರಿಗೆ ತಿಳಿಯಹೇಳುವಂತಾಗಲಿ ಎಂಬ ಆಸೆಯಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮಿದುಳಿನ ನೀರಾವರಿ

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೨ ಪಾಲು ಮಾತ್ರ. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ನೂರಕ್ಕೆ ೧೫ರಿಂದ ೨೦ ಪಾಲು ಅದಕ್ಕೇ ಬೇಕು. ಈ ರಕ್ತವನ್ನು ಹೊತ್ತೊಯ್ಯಲು ನಾಲ್ಕು ನಾಳಗಳಿವೆ. ಕೊರಳಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕೆರೋಟಿಡ್ ಧಮನಿಗಳು; ಹಿಂಭಾಗದಲ್ಲಿ ಬೆನ್ನೆಲುಬಿನ ಮಣಿಗಳ ನಡುವೆ ಏರುವ ಎರಡು ಸಣ್ಣ ಧಮನಿಗಳು. 'ಕೆರೋಟಿಡ್' ಎಂಬುದು ಮಂಪರು ಬರಿಸುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಹೆಸರು. ಈ ನಾಳಗಳನ್ನು ಒತ್ತಿ ಹಿಡಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆಂದು ಗ್ರೀಕರು ಅರಿತಿದ್ದರು. ಆದುದರಿಂದ ವಿದ್ಯಾರ್ಥಿಗಳು ಆಟಕ್ಕೂ ಯಾರ ಕೊರಳನ್ನೂ ಒತ್ತಿ ನೋಡಬಾರದು. ನಾಡಿ ನೋಡಬೇಕೆನಿಸಿದರೆ ಮಣಿಕಟ್ಟು ಇದ್ದೇ ಇದೆ.

ಈ ನಾಳಗಳು ತಲೆಬುರುಡೆಯ ಒಳಗೆ ಬುಡದಲ್ಲಿ ಒಂದಕ್ಕೊಂದು ಸೇರಿ ಬಳೆಯಂತೆ ಸುತ್ತುಗಟ್ಟಿಕೊಳ್ಳುತ್ತವೆ. ೧೬೬೪ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ವಿಲ್ಲಿಸನ ಬಳೆ ಎಂದು ಹೇಳುವುದುಂಟು. ಒಂದು ನಾಳದಲ್ಲಿ ಹರಿವು ಕಡಿಮೆಯಾದರೆ ಇನ್ನೊಂದರಿಂದ ಸ್ವಲ್ಪ ರಕ್ತ ಬಂದು ಸೇರುವ ಏರ್ಪಾಡು ಇದು. ಎಲ್ಲರಲ್ಲೂ ಈ ಬಳೆ ಪೂರ್ಣವಾಗಿರುವುದಿಲ್ಲ. ಪೂರ್ಣವಾಗಿದ್ದವರಲ್ಲಿ ಕೊರಳಿನ ಒಂದು ನಾಳ ಮೆಲ್ಲಮೆಲ್ಲನೆ ಮುಚ್ಚಿಹೋದರೂ ಏನೂ ಗೊತ್ತಾಗದೆ ಇರಬಹುದು.

ದವಡೆಯ ಕೆಳಗೆ ಪ್ರತಿಯೊಂದು ಕೆರೋಟಿಡ್ ಧಮನಿಯೂ ಕವಲೊಡೆಯುತ್ತದೆ. ಹೊರಕವಲು ಮುಖಕ್ಕೆ, ಒಳಕವಲು ಮಿದುಳಿಗೆ ಮತ್ತು ಕಣ್ಣಿಗೆ. ಕೊಬ್ಬು ಮತ್ತು ಸುಣ್ಣದ ಅಂಶಗಳು ಜಮೆಯಾಗುವುದು ಹೆಚ್ಚಾಗಿ ಈ ಕವಲಿನಲ್ಲಿಯೇ. ಹೊಗೆಸೊಪ್ಪು, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್ ಇವು ಆ ಕೆಲಸಕ್ಕೆ ಗೊಬ್ಬರ ಹಾಕುತ್ತವೆ.

ಗಣಿತದಲ್ಲಿ ಕಲಿತ ಒಂದು ಮಾತನ್ನು ಇಲ್ಲಿ ನೆನೆಯೋಣ. ವೃತ್ತದ ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಳಕವಲಿನ ವ್ಯಾಸ ೫ ಮಿಲಿಮೀಟರು ಎಂದಿಟ್ಟುಕೊಳ್ಳಿ. ನೂರಕ್ಕೆ ೭೦ರಷ್ಟು ಇಕ್ಕಟ್ಟಾದರೆ ಉಳಿಯುವ ವ್ಯಾಸ ೧.೫ ಮಿಲಿಮೀಟರು. ಅಂದರೆ ವ್ಯಾಸದಲ್ಲಿ ಹತ್ತರಲ್ಲಿ ಮೂರು ಪಾಲು ಉಳಿದಿದೆ. ವಿಸ್ತೀರ್ಣದಲ್ಲಿಯೋ, ನೂರರಲ್ಲಿ ಒಂಬತ್ತೇ ಪಾಲು! ವೈದ್ಯರ ಚೀಟಿಯಲ್ಲಿ ಕಾಣುವ '೭೦ ಶೇಕಡಾ' ಎಂಬುದು ಸಾಮಾನ್ಯವಾಗಿ ವ್ಯಾಸದ ಲೆಕ್ಕ.

ಹೀಗಿದ್ದರೂ ದೊಡ್ಡ ಅಪಾಯ ಬರುವುದು ಇಕ್ಕಟ್ಟಿನಿಂದ ಮಾತ್ರವಲ್ಲ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾದೀತು. ದೊಡ್ಡ ಪೈಪಿನ ಒಳಗೆ ಕಟ್ಟಿದ ಪಾಚಿಯ ತುಣುಕೊಂದು ಕಳಚಿಕೊಂಡರೆ ಅದು ಪೈಪಿನಲ್ಲಿ ನಿಲ್ಲುವುದಿಲ್ಲ; ನೀರಿನೊಡನೆ ಹರಿದು ತುದಿಯ ಸಣ್ಣ ತೂತಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ಗಿಡಗಳಿಗೆ ನೀರಿಲ್ಲ. ಕೊರಳಿನ ಕವಲಿನಲ್ಲಿ ಒಡೆದ ಕೊಬ್ಬಿನ ಚೂರು, ಅದರ ಮೇಲೆ ಕಟ್ಟಿದ ರಕ್ತದ ಹೆಪ್ಪು ಹೀಗೆಯೇ ಮಿದುಳಿನ ಸಣ್ಣ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಅದೇ ಪಾರ್ಶ್ವವಾಯು. ಎಡಮಿದುಳು ದೇಹದ ಬಲಭಾಗವನ್ನು ಆಳುವುದರಿಂದ ಎಡಗೊರಳಿನ ರೋಗ ಬಲಗೈ ಬಲಗಾಲುಗಳನ್ನು ಕೆಡಿಸುತ್ತದೆ. ಹೆಚ್ಚಿನವರಲ್ಲಿ ಮಾತನ್ನೂ ಕಸಿದುಕೊಳ್ಳುತ್ತದೆ.

ಕೆಲವೊಮ್ಮೆ ತುಣುಕು ತಾನೇ ಕರಗಿ, ಸೋತ ಕೈ ಕೆಲವೇ ನಿಮಿಷಗಳಲ್ಲಿ ಸರಿಯಾಗುತ್ತದೆ. ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಮತ್ತೆ ತಿಳಿಯಾಗುತ್ತದೆ. 'ಸರಿಯಾಯಿತಲ್ಲ' ಎಂದು ಸುಮ್ಮನಾಗುವುದೇ ಇಲ್ಲಿ ದೊಡ್ಡ ತಪ್ಪು. ಮುಂದೆ ಬರಲಿರುವ ದೊಡ್ಡ ಆಘಾತದ ಮುನ್ಸೂಚನೆ ಅದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಮೂರು ಬಗೆಯ ಚಿಕಿತ್ಸೆ

ಇಕ್ಕಟ್ಟು ಎಷ್ಟಿದೆಯೆಂದು ತಿಳಿಯಲು ಕೊರಳಿನ ಮೇಲೆ ಶಬ್ದಾತೀತ ತರಂಗಗಳ ಉಪಕರಣವನ್ನು ಇಟ್ಟು ನೋಡುತ್ತಾರೆ. ನೀರಿನ ರಬ್ಬರು ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿದರೆ ನೀರು ವೇಗವಾಗಿ ಚಿಮ್ಮುತ್ತದಲ್ಲವೆ? ಹಾಗೆಯೇ ಇಕ್ಕಟ್ಟಿನಲ್ಲಿ ರಕ್ತದ ವೇಗ ಏರುತ್ತದೆ. ೧೮೪೨ರಲ್ಲಿ ಡಾಪ್ಲರ್ ಎಂಬ ವಿಜ್ಞಾನಿ ಹೇಳಿದ ತತ್ತ್ವವನ್ನು ಬಳಸಿ ಆ ವೇಗವನ್ನು ಅಳೆಯುತ್ತಾರೆ.

ಮೊದಲನೆಯ ಚಿಕಿತ್ಸೆ ಔಷಧ: ಆಸ್ಪಿರಿನ್‌ನಂಥ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್, ರಕ್ತದೊತ್ತಡದ ಹತೋಟಿ, ಬೀಡಿ ಸಿಗರೇಟುಗಳ ತ್ಯಾಗ. ಇದು ಎಲ್ಲರಿಗೂ ಬೇಕು. ಎರಡನೆಯದು ಶಸ್ತ್ರಕ್ರಿಯೆ: ಕೊರಳನ್ನು ಕೊಯ್ದು, ನಾಳವನ್ನು ತೆರೆದು, ಒಳಗಿನ ಕೊಬ್ಬಿನ ಪದರವನ್ನು ಬಿಡಿಸಿ ತೆಗೆಯುವುದು. ಇದು ೧೯೫೦ರ ದಶಕದಲ್ಲಿ ಆರಂಭವಾಯಿತು. ಇದರ ಪ್ರಯೋಜನವನ್ನು ಉತ್ತರ ಅಮೆರಿಕದ ಒಂದು ದೊಡ್ಡ ಪರೀಕ್ಷೆ ೧೯೯೧ರಲ್ಲಿ ತೋರಿಸಿತು. ಪಾರ್ಶ್ವವಾಯುವಿನ ಲಕ್ಷಣ ಕಂಡಿದ್ದು, ೭೦ರಿಂದ ೯೯ ಶೇಕಡಾ ಇಕ್ಕಟ್ಟು ಇದ್ದವರಲ್ಲಿ, ಔಷಧ ಮಾತ್ರ ಪಡೆದವರ ಪೈಕಿ ಎರಡು ವರ್ಷಗಳೊಳಗೆ ಅದೇ ಪಕ್ಕದ ಪಾರ್ಶ್ವವಾಯುವಿಗೆ ಈಡಾದವರು ನೂರಕ್ಕೆ ೨೬ ಮಂದಿ; ಶಸ್ತ್ರಕ್ರಿಯೆಯೂ ಆದವರಲ್ಲಿ ೯ ಮಂದಿ.

ಮೂರನೆಯದು ಸ್ಟೆಂಟ್: ಕೊರಳನ್ನು ಕೊಯ್ಯದೆ, ದೂರದ ಒಂದು ನಾಳದಿಂದ ಒಳಹೊಕ್ಕು, ಇಕ್ಕಟ್ಟಿನಲ್ಲಿ ಲೋಹದ ಬಲೆಯ ಕೊಳವೆಯೊಂದನ್ನು ಅರಳಿಸಿ ಬಿಡುವುದು. ೨೦೧೦ರಲ್ಲಿ ಪ್ರಕಟವಾದ ೨,೫೦೨ ರೋಗಿಗಳ ಪರೀಕ್ಷೆಯೊಂದು ಶಸ್ತ್ರಕ್ರಿಯೆಯನ್ನೂ ಸ್ಟೆಂಟನ್ನೂ ತೂಗಿ ನೋಡಿತು. ಚಿಕಿತ್ಸೆಯ ದಿನಗಳಲ್ಲಿ ಪಾರ್ಶ್ವವಾಯು ಆದದ್ದು ಸ್ಟೆಂಟ್ ಪಡೆದವರಲ್ಲಿ ನೂರಕ್ಕೆ ೪.೧, ಶಸ್ತ್ರಕ್ರಿಯೆಯವರಲ್ಲಿ ೨.೩. ಹೃದಯಾಘಾತ ಆದದ್ದು ಸ್ಟೆಂಟಿನವರಲ್ಲಿ ೧.೧, ಶಸ್ತ್ರಕ್ರಿಯೆಯವರಲ್ಲಿ ೨.೩. ಒಟ್ಟು ಲೆಕ್ಕದಲ್ಲಿ ಹೇಳತಕ್ಕ ಅಂತರ ಕಾಣಲಿಲ್ಲ. ಯಾವ ರೋಗಿಗೆ ಯಾವುದು ಎಂಬುದನ್ನು ವಯಸ್ಸು, ಹೃದಯದ ಸ್ಥಿತಿ, ನಾಳಗಳ ಆಕಾರ ನೋಡಿ ವೈದ್ಯರು ನಿರ್ಧರಿಸಬೇಕಾಗುತ್ತದೆ.

ನಾಳದೊಳಗೆ ನಡೆಯುವ ವಿದ್ಯೆ

ದೇಹವನ್ನು ಕೊಯ್ಯದೆ ನಾಳದೊಳಗೆ ಸಂಚರಿಸುವ ಈ ವಿದ್ಯೆಯ ಹಿಂದೆ ಸಾಹಸಿಗಳ ಸಾಲೇ ಇದೆ. ೧೯೨೭ರಲ್ಲಿ ಪೋರ್ತುಗಲ್ಲಿನ ಎಗಾಸ್ ಮೊನಿಜ್ ಕೊರಳಿನ ಧಮನಿಗೆ ಬಣ್ಣದ ದ್ರವ ಸೇರಿಸಿ ಮಿದುಳಿನ ನಾಳಗಳ ಕ್ಷ-ಕಿರಣ ಚಿತ್ರ ತೆಗೆದರು. ೧೯೨೯ರಲ್ಲಿ ಜರ್ಮನಿಯ ಎಳೆಯ ವೈದ್ಯ ವೆರ್ನರ್ ಫೋರ್ಸ್‌ಮನ್ ತನ್ನದೇ ಮೊಣಕೈಯ ರಕ್ತನಾಳದಲ್ಲಿ ೬೫ ಸೆಂಟಿಮೀಟರು ಉದ್ದದ ಕೊಳವೆಯನ್ನು ಹೃದಯದವರೆಗೆ ತೂರಿಸಿಕೊಂಡು, ಹಾಗೆಯೇ ಕ್ಷ-ಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದರು. ಅಂದು ಬೈಸಿಕೊಂಡ ಅವರಿಗೆ ೧೯೫೬ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂತು.

೧೯೫೩ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಒಂದು ಸರಳ ಉಪಾಯ ಹೇಳಿಕೊಟ್ಟರು. ಪೊಳ್ಳು ಸೂಜಿಯನ್ನು ನಾಳಕ್ಕೆ ಚುಚ್ಚಬೇಕು; ಸೂಜಿಯೊಳಗಿಂದ ನಯವಾದ ತಂತಿಯನ್ನು ಹಾಯಿಸಬೇಕು; ತಂತಿಯನ್ನು ಅಲ್ಲೇ ಬಿಟ್ಟು ಸೂಜಿ ತೆಗೆಯಬೇಕು; ತಂತಿಯ ಮೇಲೆ ಕೊಳವೆಯನ್ನು ಪೋಣಿಸಿ ಒಳಕ್ಕೆ ಜಾರಿಸಬೇಕು. ಸೂಜಿಯಷ್ಟೇ ಸಣ್ಣ ತೂತಿನಿಂದ ಅದಕ್ಕಿಂತ ದಪ್ಪನೆಯ ಕೊಳವೆಯನ್ನು ಒಳಗೆ ಕಳಿಸುವ ಈ ಕ್ರಮವನ್ನೇ ಇಂದಿಗೂ ಅನುಸರಿಸುತ್ತಾರೆ. ೧೯೬೪ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ೮೨ ವರ್ಷದ ವೃದ್ಧೆಯೊಬ್ಬರ ಕಾಲಿನ ಇಕ್ಕಟ್ಟಾದ ನಾಳವನ್ನು ಹೀಗೆ ಅಗಲಿಸಿ, ಕತ್ತರಿಸಬೇಕಾಗಿದ್ದ ಪಾದವನ್ನು ಉಳಿಸಿದರು. ೧೯೭೭ರಲ್ಲಿ ಜ್ಯೂರಿಕ್ ನಗರದ ಗ್ರುಂಟ್‌ಜಿಗ್ ಪುಟ್ಟ ಬೆಲೂನಿನಿಂದ ಹೃದಯದ ನಾಳವನ್ನು ಅಗಲಿಸಿದರು.

ತೊಡೆಸಂದಿನ ಹೆದ್ದಾರಿ

ಒಳಗೆ ಹೋಗಲು ವೈದ್ಯರು ಬಹುಕಾಲ ನೆಚ್ಚಿಕೊಂಡದ್ದು ತೊಡೆಸಂದಿನ ಧಮನಿಯನ್ನು. ಅದು ಅಗಲವಾದ ಹೆದ್ದಾರಿ. ದಪ್ಪ ಕೊಳವೆಗಳೂ ಸುಲಭವಾಗಿ ಹೋಗುತ್ತವೆ. ಹೊಟ್ಟೆ, ಎದೆಗಳ ಮಹಾಧಮನಿಯಲ್ಲಿ ಮೇಲೇರಿ, ಹೃದಯದ ಮೇಲಿನ ಕಮಾನಿನಿಂದ ಕೊರಳಿಗೆ ತಿರುಗಬಹುದು. ಕೆರೋಟಿಡ್ ಸ್ಟೆಂಟುಗಳನ್ನು ಇಂದಿಗೂ ಹೆಚ್ಚಾಗಿ ಈ ದಾರಿಯಿಂದಲೇ ಹಾಕುತ್ತಾರೆ.

ತೊಂದರೆ ಇರುವುದು ಕೆಲಸ ಮುಗಿದು ಕೊಳವೆಯನ್ನು ತೆಗೆದ ಮೇಲೆ. ತೊಡೆಸಂದಿನ ಧಮನಿ ಆಳದಲ್ಲಿದೆ. ಅದರ ಸುತ್ತ ಮೆತ್ತನೆಯ ಮಾಂಸ. ರೋಗಿಗೆ ಹೆಪ್ಪುಗಟ್ಟದ ಔಷಧಗಳನ್ನು ಕೊಟ್ಟಿರುವುದರಿಂದ ರಕ್ತ ಬೇಗ ನಿಲ್ಲುವುದಿಲ್ಲ. ಕೆಲವೊಮ್ಮೆ ಹೊರಗೆ ಕಾಣದಂತೆ ಹೊಟ್ಟೆಯ ಹಿಂಭಾಗಕ್ಕೆ ರಕ್ತ ಸೋರಿ ಜೀವಕ್ಕೇ ಅಪಾಯವಾಗಬಹುದು. ಆದುದರಿಂದ ರೋಗಿ ಕಾಲು ಮಡಚದೆ ಗಂಟೆಗಟ್ಟಲೆ ಅಂಗಾತ ಮಲಗಿರಬೇಕು. ಬೆನ್ನುನೋವಿನ ಮುದುಕರಿಗೆ ಇದೇ ಒಂದು ಶಿಕ್ಷೆ. ಇನ್ನು ಕೆಲವರಲ್ಲಿ ಕಾಲಿನ ನಾಳಗಳೇ ಮುಚ್ಚಿಹೋಗಿದ್ದು ಆ ದಾರಿ ಸಿಗುವುದೇ ಇಲ್ಲ.

ಮಣಿಕಟ್ಟಿನ ಓಣಿ

ಮಣಿಕಟ್ಟಿನ ಧಮನಿಯಾದರೋ ಚರ್ಮದ ಕೆಳಗೇ ಇದೆ. ಅದರ ಅಡಿಯಲ್ಲಿ ಗಟ್ಟಿ ಎಲುಬು. ರಕ್ತ ಬಂದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಎಲುಬಿಗೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಅಂಗೈಗೆ ರಕ್ತ ತರಲು ಕಿರುಬೆರಳಿನ ಕಡೆಯಲ್ಲಿ ಅಲ್ನಾರ್ ಎಂಬ ಇನ್ನೊಂದು ಧಮನಿಯೂ ಇದೆ. ಎರಡೂ ಅಂಗೈಯಲ್ಲಿ ಬಿಲ್ಲಿನಂತೆ ಬಾಗಿ ಕೂಡಿಕೊಳ್ಳುವುದರಿಂದ ಒಂದು ಕೆಟ್ಟರೂ ಸಾಮಾನ್ಯವಾಗಿ ಕೈ ಕೆಡುವುದಿಲ್ಲ. ಇದನ್ನು ನೋಡಲು ೧೯೨೯ರಲ್ಲಿ ಅಮೆರಿಕದ ಡಾಕ್ಟರ್ ಅಲೆನ್ ಒಂದು ಪರೀಕ್ಷೆಯನ್ನು ಹೇಳಿದರು. ಈಗ ಅದನ್ನು ಮಾಡುವ ಕ್ರಮ ಹೀಗೆ: ಮುಷ್ಟಿ ಬಿಗಿದು, ಎರಡು ಧಮನಿಗಳನ್ನೂ ಒತ್ತಿ ಹಿಡಿದು, ಮುಷ್ಟಿ ಬಿಚ್ಚಿದರೆ ಅಂಗೈ ಬಿಳಿಚಿರುತ್ತದೆ. ಕಿರುಬೆರಳಿನ ಕಡೆಯ ಒತ್ತನ್ನು ಮಾತ್ರ ಬಿಟ್ಟಾಗ ಅಂಗೈ ಬೇಗ ಕೆಂಪೇರಿದರೆ ಆ ನಾಳ ಚೆನ್ನಾಗಿದೆ ಎಂದರ್ಥ. ಇಂದು ವೈದ್ಯರು ಇದೊಂದನ್ನೇ ನಂಬದೆ ಉಪಕರಣಗಳಿಂದಲೂ ನೋಡುವುದುಂಟು.

೧೯೮೯ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ಲಿನ ಲ್ಯೂಸಿಯೆನ್ ಕ್ಯಾಂಪೋ ಎಂಬ ವೈದ್ಯರು ಮಣಿಕಟ್ಟಿನಿಂದ ಹೃದಯದ ನಾಳಗಳ ಚಿತ್ರ ತೆಗೆದ ನೂರು ರೋಗಿಗಳ ವರದಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಆಮ್‌ಸ್ಟರ್‌ಡಾಮಿನ ಫರ್ಡಿನಾಂಡ್ ಕೀಮನೈ ಅದೇ ದಾರಿಯಿಂದ ಹೃದಯಕ್ಕೆ ಸ್ಟೆಂಟ್ ಹಾಕಿ ತೋರಿಸಿದರು. ಹೃದಯರೋಗದ ವೈದ್ಯರು ಪಳಗಿದ ಮೇಲೆ ಕೊರಳಿನ ನಾಳಕ್ಕೂ ಇದೇ ದಾರಿಯನ್ನು ಬಳಸತೊಡಗಿದರು.

ಆದರೆ ಇದು ಓಣಿ, ಹೆದ್ದಾರಿಯಲ್ಲ. ಮಣಿಕಟ್ಟಿನ ಧಮನಿಯ ಒಳವ್ಯಾಸ ೨ರಿಂದ ೩ ಮಿಲಿಮೀಟರು. ಕೊಳವೆಗಳನ್ನು ಅಳೆಯುವುದು 'ಫ್ರೆಂಚ್' ಎಂಬ ಅಳತೆಯಲ್ಲಿ. ಪ್ಯಾರಿಸ್ಸಿನ ಉಪಕರಣ ತಯಾರಕ ಶಾರಿಯೆರ್ ಎಂಬವರಿಂದ ಬಂದ ಈ ಅಳತೆಯಲ್ಲಿ ೩ ಫ್ರೆಂಚ್ ಎಂದರೆ ೧ ಮಿಲಿಮೀಟರು. ಕೊರಳಿನ ಸ್ಟೆಂಟಿಗೆ ಸಾಮಾನ್ಯವಾಗಿ ೬ ಫ್ರೆಂಚ್, ಅಂದರೆ ೨ ಮಿಲಿಮೀಟರು ಒಳವ್ಯಾಸದ ಕೊಳವೆ ಬೇಕು. ಅದರ ಗೋಡೆಯ ದಪ್ಪವೂ ಸೇರಿದರೆ ಸಣ್ಣ ಕೈಯವರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಬಿಗಿಯಾಗುತ್ತದೆ. ಮೇಲಾಗಿ ಈ ನಾಳ ಮುಟ್ಟಿದರೆ ಮುನಿಯಂತೆ, ಕೆಣಕಿದರೆ ಮುದುಡಿಕೊಳ್ಳುತ್ತದೆ. ಅದನ್ನು ಸಡಿಲಿಸಲು ನೈಟ್ರೋಗ್ಲಿಸರಿನ್, ವೆರಪಾಮಿಲ್ ಮೊದಲಾದ ಔಷಧಗಳನ್ನೂ, ಹೆಪ್ಪುಗಟ್ಟದಂತೆ ಹೆಪಾರಿನ್ನನ್ನೂ ಕೊಡುತ್ತಾರೆ.

ಕೊರಳಿಗೆ ತಿರುಗುವ ಕಡೆ

ಮಣಿಕಟ್ಟಿನಿಂದ ಹೊರಟ ತಂತಿ ಮೊಣಕೈ, ಕಂಕುಳು, ಹೆಗಲುಗಳನ್ನು ದಾಟಿ ಎದೆಯ ಮೇಲ್ಭಾಗಕ್ಕೆ ಬರುತ್ತದೆ. ನಿಜವಾದ ಕಷ್ಟ ಅಲ್ಲಿಂದ ಮುಂದೆ. ಮಹಾಧಮನಿಯ ಕಮಾನಿನಿಂದ ಮೂರು ಕವಲುಗಳು ಏಳುತ್ತವೆ. ಮೊದಲನೆಯದು ಬಲಗೈಗೂ ಬಲಗೊರಳಿಗೂ ಸೇರಿದ ದೊಡ್ಡ ಕವಲು, ಎರಡನೆಯದು ಎಡಗೊರಳಿನದು, ಮೂರನೆಯದು ಎಡಗೈಯದು. ಬಲಗೈಯಿಂದ ಕೆಳಮುಖವಾಗಿ ಬಂದ ಕೊಳವೆ ಬಲಗೊರಳಿಗೆ ಹೋಗಬೇಕಾದರೆ ಮತ್ತೆ ಮೇಲ್ಮುಖವಾಗಿ ತಿರುಗಬೇಕು. ಘಾಟಿಯ ಕಡಿದಾದ ತಿರುವಿನಲ್ಲಿ ಉದ್ದನೆಯ ಲಾರಿ ಪಡುವ ಪಾಡನ್ನು ನೆನೆಯಿರಿ. ಎಡಗೊರಳಿಗಾದರೆ ಕಮಾನಿನೊಳಗೆ ಇಳಿದು, ಅಲ್ಲಿಂದ ತಿರುಗಿ ಏರಬೇಕು.

ಈ ತಿರುವಿಗೆಂದೇ ತುದಿ ಬಾಗಿದ ಕೊಳವೆಗಳಿವೆ. ಮಾವಿನಕಾಯಿ ಕೀಳುವ ದೋಟಿಯ ಕೊಕ್ಕೆಯಂತೆ ಹಿಮ್ಮುಖವಾಗಿ ಬಾಗಿದ ಸಿಮ್ಮನ್ಸ್ ಎಂಬ ಕೊಳವೆ ಕೊರಳಿನ ನಾಳದ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಅದರೊಳಗಿಂದ ಗಟ್ಟಿ ತಂತಿ, ತಂತಿಯ ಮೇಲೆ ಸುಮಾರು ೯೦ ಸೆಂಟಿಮೀಟರು ಉದ್ದದ ಹೊರಕೊಳವೆ.

ಕೆಲವರ ದೇಹದಲ್ಲಿ ಎಡಗೊರಳಿನ ನಾಳ ಕಮಾನಿನಿಂದ ನೇರವಾಗಿ ಏಳದೆ ಬಲಗಡೆಯ ದೊಡ್ಡ ಕವಲಿನೊಡನೆಯೋ ಅದರಿಂದಲೋ ಹುಟ್ಟುತ್ತದೆ. ಇಂಥವರ ಎಡಗೊರಳಿಗೆ ತೊಡೆಯಿಂದ ತಲುಪುವುದು ಕಷ್ಟ, ಬಲಮಣಿಕಟ್ಟಿನಿಂದ ಬಹಳ ಸುಲಭ. ಮುಪ್ಪಿನಲ್ಲಿ ಕಮಾನು ಹಿಗ್ಗಿ, ಕವಲುಗಳು ಕೆಳಕ್ಕೆ ಜಾರಿದವರಲ್ಲಿಯೂ ತೊಡೆಯ ದಾರಿ ಕಠಿಣವಾಗುತ್ತದೆ. ಆ ಕಮಾನಿನಲ್ಲಿ ಕೊಳವೆಯನ್ನು ಹೆಚ್ಚು ತಡಕಾಡಿಸಿದಷ್ಟೂ ಅಲ್ಲಿನ ಕೊಬ್ಬಿನ ಚೂರು ಕಳಚುವ ಭಯ. ಹಾಗೆಯೇ ಹೆಗಲಿನ ನಾಳವೇ ಸುರುಳಿಸುತ್ತಿದ್ದವರಲ್ಲಿ ಮಣಿಕಟ್ಟಿನ ದಾರಿ ಕೈಕೊಡುತ್ತದೆ. ಆದುದರಿಂದ ಮೊದಲೇ ಚಿತ್ರ ತೆಗೆದು ಭೂಪಟದಂತೆ ಓದಿಕೊಳ್ಳುವ ವೈದ್ಯರೇ ಜಾಣರು.

ಇಕ್ಕಟ್ಟಿನಲ್ಲಿ ನಡೆಯುವ ಕೆಲಸ

ರೋಗಿ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾನೆ. ಚುಚ್ಚುವ ಜಾಗಕ್ಕೆ ಮಾತ್ರ ಮರಗಟ್ಟಿಸುವ ಮದ್ದು. "ಹೆಸರು ಹೇಳಿ, ಕೈ ಹಿಸುಕಿ" ಎಂದು ನಡುನಡುವೆ ಹೇಳುತ್ತಾರೆ. ಮಿದುಳು ಸರಿಯಾಗಿದೆಯೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಯಂತ್ರ ಯಾವುದಿದೆ?

ಮೊದಲಿಗೆ ಇಕ್ಕಟ್ಟಿನಾಚೆ ಕೊಡೆಯಂತೆ ಬಿಚ್ಚಿಕೊಳ್ಳುವ ಪುಟ್ಟ ಜರಡಿಯೊಂದನ್ನು ತೆರೆಯುವುದು ವಾಡಿಕೆ. ರಕ್ತ ಅದರೊಳಗಿಂದ ಹರಿಯುತ್ತದೆ; ಕಳಚಿದ ಚೂರುಗಳು ಸಿಕ್ಕಿಕೊಳ್ಳುತ್ತವೆ. ಬಳಿಕ ಅಗತ್ಯವಿದ್ದರೆ ಬೆಲೂನಿನಿಂದ ಸ್ವಲ್ಪ ಅಗಲಿಸಿ, ಮಡಚಿಟ್ಟ ಸ್ಟೆಂಟನ್ನು ಬಿಡುತ್ತಾರೆ. ಅದು ಹೆಚ್ಚಾಗಿ ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ನಿಟಿನಾಲ್ ಎಂಬ ಲೋಹದ್ದು. ಹೊದಿಕೆ ಸರಿಸಿದೊಡನೆ ತಾನಾಗಿ ಅರಳುತ್ತದೆ. ಕೊರಳನ್ನು ನಾವು ತಿರುಗಿಸುತ್ತೇವೆ, ಬಗ್ಗಿಸುತ್ತೇವೆ. ಅದುಮಿದರೂ ಮತ್ತೆ ಸ್ವಸ್ಥಾನಕ್ಕೆ ಬರುವ ಗುಣ ಇಲ್ಲಿ ಬೇಕು. ಕೊನೆಗೆ ಜರಡಿಯನ್ನು ಮುಚ್ಚಿ ಹೊರತೆಗೆಯುತ್ತಾರೆ. ಕೊರಳಿನ ಆ ಕವಲಿನಲ್ಲಿ ರಕ್ತದೊತ್ತಡವನ್ನು ಅರಿಯುವ ನರಗಳಿರುವುದರಿಂದ ಬೆಲೂನು ಉಬ್ಬಿದಾಗ ಹೃದಯದ ಬಡಿತ ತಟ್ಟನೆ ಕುಗ್ಗಬಹುದು. ಅದಕ್ಕೆ ಔಷಧವನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ.

ಎಲ್ಲ ಮುಗಿದ ಮೇಲೆ ಮಣಿಕಟ್ಟಿಗೆ ಗಾಳಿ ತುಂಬುವ ಪಟ್ಟಿ ಕಟ್ಟುತ್ತಾರೆ. ರಕ್ತ ನಿಲ್ಲುವಷ್ಟು ಮಾತ್ರ ಬಿಗಿ. ನಾಳದಲ್ಲಿ ಹರಿವು ಪೂರ್ತಿ ನಿಲ್ಲಬಾರದು. ತೀರ ಬಿಗಿದರೆ ನಾಳ ಶಾಶ್ವತವಾಗಿ ಮುಚ್ಚಿಹೋಗುವ ಸಂಭವವಿದೆ. ವೈದ್ಯರು ಒಪ್ಪಿದರೆ ರೋಗಿ ಬೇಗನೆ ಎದ್ದು ಕೂರಬಹುದು.

ಪರೀಕ್ಷೆಗಳು ಹೇಳಿದ್ದೇನು?

೨೦೧೧ರಲ್ಲಿ ಪ್ರಕಟವಾದ ೭,೦೨೧ ಹೃದಯರೋಗಿಗಳ ಪರೀಕ್ಷೆಯಲ್ಲಿ, ಚುಚ್ಚಿದ ಕಡೆಯ ನಾಳಕ್ಕೆ ದೊಡ್ಡ ತೊಂದರೆಯಾದವರು ಮಣಿಕಟ್ಟಿನ ಗುಂಪಿನಲ್ಲಿ ನೂರಕ್ಕೆ ೧.೪, ತೊಡೆಯ ಗುಂಪಿನಲ್ಲಿ ೩.೭. ಮಣಿಕಟ್ಟಿನ ಗೆಲುವು ಸ್ಪಷ್ಟ. ಆದರೆ ಅದು ಹೃದಯದ ಮಾತು. ಕೊರಳಿನ ಮಾತನ್ನು ಹಂಗೇರಿಯ ವೈದ್ಯರು ೨೬೦ ರೋಗಿಗಳಲ್ಲಿ ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದರು. ಮಣಿಕಟ್ಟಿನಿಂದ ಆರಂಭಿಸಿ ದಾರಿ ಬದಲಿಸಬೇಕಾಗಿ ಬಂದದ್ದು ನೂರಕ್ಕೆ ೧೦ ಜನರಲ್ಲಿ. ತೊಡೆಯಿಂದ ಆರಂಭಿಸಿದವರಲ್ಲಿ ೧.೫. ಮಣಿಕಟ್ಟಿನವರು ಆಸ್ಪತ್ರೆಯಿಂದ ಬೇಗ ಮನೆಗೆ ಹೋದರು. ಆದರೆ ಅವರ ಮೈಗೆ ಬಿದ್ದ ಕ್ಷ-ಕಿರಣದ ಪ್ರಮಾಣ ಹೆಚ್ಚು. ಪಾರ್ಶ್ವವಾಯು ಮುಂತಾದ ದೊಡ್ಡ ಅನಾಹುತಗಳಲ್ಲಿ ಎರಡು ದಾರಿಗಳಿಗೂ ಹೇಳತಕ್ಕ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟೆ. ಮಣಿಕಟ್ಟಿನ ದಾರಿ ಬಾಗಿಲಿನ ಅಪಾಯವನ್ನು ಕಡಿಮೆ ಮಾಡುತ್ತದೆ, ಒಳಮನೆಯ ಅಪಾಯವನ್ನಲ್ಲ. ತೂತು ಸಣ್ಣದು, ನೋವು ಕಡಿಮೆ ಎಂದ ಮಾತ್ರಕ್ಕೆ ಮಿದುಳಿಗೆ ಹೋಗುವ ನಾಳದಲ್ಲಿ ನಡೆಯುವ ಕೆಲಸ ಸಣ್ಣದಾಗುವುದಿಲ್ಲ. "ಕೈಯಿಂದ ಮಾಡುವುದಂತೆ, ಏನೂ ಆಗುವುದಿಲ್ಲ" ಎಂದು ಹಗುರಾಗಿ ಸಹಿ ಹಾಕುವುದೂ ಸರಿಯಲ್ಲ. "ಕೊರಳಿನ ನಾಳಕ್ಕೆ ಕೈಹಾಕುತ್ತಾರಂತೆ" ಎಂದು ಹೆದರಿ ಓಡುವುದೂ ಸರಿಯಲ್ಲ.

ಕೇಳಬೇಕಾದ ಮಾತುಗಳು

ಕಾಗದ ಕೈಗೆ ಬಂದಾಗ ಮನೆಯವರ ಪರವಾಗಿ ಈ ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು. ಇಕ್ಕಟ್ಟು ನೂರಕ್ಕೆ ಎಷ್ಟು? ಅದರಿಂದಲೇ ಲಕ್ಷಣಗಳು ಬಂದಿವೆಯೆ? ಔಷಧ ಮಾತ್ರ ಸಾಕೆ, ಶಸ್ತ್ರಕ್ರಿಯೆ ಒಳ್ಳೆಯದೆ, ಸ್ಟೆಂಟ್ ಒಳ್ಳೆಯದೆ, ಏಕೆ? ಮಣಿಕಟ್ಟಿನಿಂದಲೋ ತೊಡೆಯಿಂದಲೋ? ಮಣಿಕಟ್ಟಿನಿಂದ ಸಾಧ್ಯವಾಗದಿದ್ದರೆ ಮುಂದೇನು? ಇಲ್ಲಿ ಈ ಕೆಲಸವನ್ನು ಎಷ್ಟು ಮಂದಿಗೆ ಮಾಡಿದ್ದೀರಿ? ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ನಾವೂ ಕೆಲವು ಸಂಗತಿಗಳನ್ನು ಮುಚ್ಚಿಡದೆ ಹೇಳಬೇಕು. ಮೂತ್ರಪಿಂಡದ ಕಾಯಿಲೆಯಿದ್ದರೆ ಮೊದಲೇ ತಿಳಿಸಬೇಕು. ಚಿತ್ರಕ್ಕಾಗಿ ಬಳಸುವ ದ್ರವ ಮೂತ್ರಪಿಂಡಕ್ಕೆ ಭಾರ. ಮೇಲಾಗಿ ಮುಂದೆ ಡಯಾಲಿಸಿಸ್ ಬೇಕಾಗಬಹುದಾದವರ ಮಣಿಕಟ್ಟಿನ ಧಮನಿಯನ್ನು ಉಳಿಸಿಕೊಳ್ಳಬೇಕಾಗುತ್ತದೆ. ಮೊದಲು ಅದೇ ಕೈಯಿಂದ ಹೃದಯದ ಪರೀಕ್ಷೆ ಆಗಿದ್ದರೂ ಹೇಳಬೇಕು. ಮನೆಗೆ ಬಂದ ಮೇಲೆ ಕೈ ಊದಿಕೊಂಡರೆ, ಬೆರಳು ತಣ್ಣಗಾದರೆ, ನೋವು ಏರುತ್ತ ಹೋದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸ್ಟೆಂಟ್ ಹಾಕಿದ ಮೇಲೆ ಕಡಿಮೆಯೆಂದರೆ ನಾಲ್ಕು ವಾರ ಎರಡು ಬಗೆಯ ಹೆಪ್ಪುತಡೆ ಮಾತ್ರೆಗಳನ್ನೂ, ಆ ಬಳಿಕ ಒಂದನ್ನು ಬಹುಕಾಲವೂ ಕೊಡುವುದು ರೂಢಿ. 'ಗುಣವಾಯಿತು' ಎಂದು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ನಾಳ ಕಟ್ಟಿಹೋದ ಪಾರ್ಶ್ವವಾಯುವಿನಲ್ಲಿ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೆ ಸರಾಸರಿ ಸುಮಾರು ೧೯ ಲಕ್ಷ ನರಕೋಶಗಳು ನಾಶವಾಗುತ್ತವೆಂದು ೨೦೦೬ರಲ್ಲಿ ಲೆಕ್ಕ ಹಾಕಿದ್ದಾರೆ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಮುಖ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಒಂದು ಕೈ ಜಾರಿ ಇಳಿದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕೂರದೆ, ಆ ಗಳಿಗೆಯ ಗಂಟೆಯನ್ನು ಬರೆದಿಟ್ಟುಕೊಂಡು ೧೦೮ಕ್ಕೆ ಕರೆಮಾಡಬೇಕು. ಗಡಿಯ ಆಚೆಯಲ್ಲೂ ಈಚೆಯಲ್ಲೂ ಆ ಸಂಖ್ಯೆ ಒಂದೇ.

ಮಕ್ಕಳೇ, ನಿಮ್ಮ ಮನೆಯ ಹಿರಿಯರ ರಕ್ತದೊತ್ತಡವನ್ನು ಕೊನೆಯ ಸಲ ನೋಡಿಸಿದ್ದು ಯಾವಾಗ ಎಂದು ಇಂದು ಸಂಜೆಯೇ ಕೇಳಿರಿ. ಬಾಯಿಯ ಹೊಗೆಸೊಪ್ಪನ್ನೂ ಬೆರಳಿನ ಬೀಡಿಯನ್ನೂ ಬಿಡಿಸಲು ನಿಮ್ಮಷ್ಟು ಸಮರ್ಥರು ಬೇರೆ ಯಾರೂ ಇಲ್ಲ. ಮಣಿಕಟ್ಟಿನ ಬಾಗಿಲನ್ನು ತೆರೆಯುವುದು ವೈದ್ಯರ ಕೆಲಸ. ಅದನ್ನು ತೆರೆಯುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಕೆಲಸ.